ಚಕ್ರದ ಕರಿ ತೆಗೆಯೋಕೆ ಆಸಿಡ್ ಯಾಕೆ ಬೇಕು?

ಕಾರಿನ ಬಾನೆಟ್ ಮೇಲೆ ಸಣ್ಣ ಗೀರು ಬಿದ್ದರೂ ಮನೆಮಂದಿಯೆಲ್ಲ ಬಂದು ನೋಡ್ತಾರೆ. ಮುಂದಿನ ಚಕ್ರಗಳು ತಿಂಗಳುಗಟ್ಟಲೆ ಕರ್ರಗಾಗಿದ್ದರೂ ಯಾರೂ ಕೇಳಲ್ಲ. ಆಯುಧ ಪೂಜೆ ಹತ್ತಿರ ಬಂದಾಗ ಎಲ್ಲರಿಗೂ ನೆನಪಾಗುತ್ತೆ. ಅಷ್ಟು ಹೊತ್ತಿಗೆ ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಕಲೆ ಬಿಡಲ್ಲ. ಆಗ ವಾಟರ್ ಸರ್ವಿಸ್ ಅಂಗಡಿಯಲ್ಲಿ "ಸ್ವಲ್ಪ ಆಸಿಡ್ ಹಾಕ್ಲಾ ಸಾರ್?" ಅನ್ನೋ ಪ್ರಶ್ನೆ ಬರುತ್ತೆ. ಕಾರಿನ ಯಜಮಾನರು "ಹೂಂ, ಹಾಕಪ್ಪ" ಅಂದು ಮೊಬೈಲ್ ನೋಡ್ತಾ ಕೂರ್ತಾರೆ.

ಆ "ಹೂಂ" ನಿಲ್ಲಬೇಕು ಅನ್ನೋದು ನಮ್ಮ ಅಭಿಪ್ರಾಯ. ಎಂಜಿನಿಯರಿಂಗ್ ಓದ್ತಿರೋ ನಾವು ಬರೀ "ಬೇಡ" ಅಂದರೆ ಸಾಲದು. ಯಾಕೆ ಬೇಡ, ಅದರ ಬದಲು ಏನು ಮಾಡಬೇಕು ಅಂತಲೂ ಹೇಳಬೇಕು.

ಮೊದಲು ಆ ಕರಿಪುಡಿ ಏನು ಅಂತ ನೋಡೋಣ. 1200 ಕೆ.ಜಿ. ತೂಕದ ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗ್ತಿದೆ ಅಂದುಕೊಳ್ಳಿ. ಅದರ ಚಲನಶಕ್ತಿ 240 ಕಿಲೋಜೂಲ್. ಒಂದು ಲೀಟರ್ ನೀರನ್ನು ಸುಮಾರು 57 ಡಿಗ್ರಿಯಷ್ಟು ಬಿಸಿ ಮಾಡೋ ಶಕ್ತಿ ಅದು. ಬ್ರೇಕ್ ಒತ್ತಿ ಕಾರು ನಿಲ್ಲಿಸಿದಾಗ ಇದರ ಬಹುಪಾಲು ಡಿಸ್ಕ್ ಮತ್ತು ಪ್ಯಾಡ್ ನಡುವೆ ಶಾಖವಾಗುತ್ತೆ. ಆ ತಿಕ್ಕಾಟದಲ್ಲಿ ಎರಡೂ ಸ್ವಲ್ಪ ಸ್ವಲ್ಪವೇ ಸವೆದು ಪುಡಿಯಾಗುತ್ತವೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳಿಗೇ ಹೆಚ್ಚು ಕೆಲಸ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಕಪ್ಪಾಗೋದು ಅದಕ್ಕೇ. ಹೆಚ್ಚಿನ ಕಾರುಗಳ ಡಿಸ್ಕ್ ಎರಕದ ಕಬ್ಬಿಣದ್ದು. ಹಾಗಾಗಿ ಪುಡಿಯಲ್ಲಿ ಕಬ್ಬಿಣವೇ ಮುಖ್ಯ. ಅದರ ಜೊತೆ ಪ್ಯಾಡ್‌ನ ರಾಳ, ನಾರು, ಲೋಹದ ಪುಡಿಗಳೂ ಸೇರಿರುತ್ತವೆ.

ಈ ಪುಡಿ ರಸ್ತೆಯ ಧೂಳಿನ ಹಾಗೆ ಮೇಲೆ ಕೂತು ಸುಮ್ಮನಿರೋದಿಲ್ಲ. ಬಿಸಿಯಾದ ಕಬ್ಬಿಣದ ಕಣಗಳು ಅಲಾಯ್ ವೀಲ್ ಮೇಲಿನ ಪಾರದರ್ಶಕ ಪೇಂಟ್ ಪದರಕ್ಕೆ ಕಚ್ಚಿಕೊಳ್ಳುತ್ತವೆ. ಮಳೆ, ಇಬ್ಬನಿ ತಾಗಿದಾಗ ಅಲ್ಲೇ ತುಕ್ಕು ಹಿಡಿಯುತ್ತವೆ. ಬೆಳ್ಳಿ ಬಣ್ಣದ ರಿಮ್ ಮೇಲೆ ಕಾಣೋ ಕಂದು ಚುಕ್ಕೆಗಳು ಇವೇ. ಹಾಗೇ ಬಿಟ್ಟರೆ ಪೇಂಟ್ ಪದರ ಹಾಳಾಗಿ ಒಳಗಿನ ಅಲ್ಯೂಮಿನಿಯಂಗೆ ನೀರು ಸೇರುತ್ತೆ. ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲೇ ಉಪ್ಪಿನಂಶ ಇರೋದರಿಂದ ಈ ಕೆಲಸ ಇನ್ನೂ ಬೇಗ ಆಗುತ್ತೆ.

ಇಲ್ಲಿಗೆ ಆಸಿಡ್ ಬಂದರೆ ಏನಾಗುತ್ತೆ? ತುಕ್ಕು ಕರಗೋದು ನಿಜ, ಎರಡೇ ನಿಮಿಷದಲ್ಲಿ ಚಕ್ರ ಮಿಂಚೋದೂ ನಿಜ. ಆದರೆ ಅಲ್ಯೂಮಿನಿಯಂ ಬಾಳಿಕೆ ಬರೋದೇ ಅದರ ಮೇಲಿನ ತೆಳ್ಳನೆಯ ಆಕ್ಸೈಡ್ ಪದರದಿಂದ. ಪೇಂಟ್ ಬಿಟ್ಟಲ್ಲಿ ಆಸಿಡ್ ಆ ಪದರವನ್ನೂ ತಿನ್ನುತ್ತೆ, ಲೋಹವನ್ನೂ ತಿನ್ನುತ್ತೆ. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೇವೆ. "ಒಂಚೂರು ಆಸಿಡ್" ಅನ್ನೋ ಮಾತಿಗೆ ಅರ್ಥ ಇಲ್ಲ, ಯಾವ ಆಸಿಡ್, ಎಷ್ಟು ತೀಕ್ಷ್ಣ ಅನ್ನೋದಕ್ಕೆ ಮಾತ್ರ ಅರ್ಥ ಇದೆ.

ಚಕ್ರಕ್ಕಿಂತ ದೊಡ್ಡ ಪ್ರಶ್ನೆ ಅದನ್ನು ತೊಳೆಯೋ ಹುಡುಗನದ್ದು. ಅವನು ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತಿರ್ತಾನೆ. ಕೈಗೆ ಗ್ಲೌಸ್ ಇರಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಬಾತ್‌ರೂಮ್ ತೊಳೆಯೋ ಹೈಡ್ರೋಕ್ಲೋರಿಕ್ ಆಮ್ಲವಾದರೆ ಉರಿ ತಕ್ಷಣ ಗೊತ್ತಾಗುತ್ತೆ. ಕೆಲವು ವೀಲ್ ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತೆ. ಅದು ತೆಳುವಾಗಿದ್ದರೆ ಚರ್ಮಕ್ಕೆ ತಾಗಿದ ಕೂಡಲೇ ನೋವಾಗದೇ ಇರಬಹುದು, ಗಂಟೆಗಳು ಕಳೆದ ಮೇಲೆ ಶುರುವಾಗಬಹುದು. ಅಷ್ಟರಲ್ಲಿ ಫ್ಲೋರೈಡ್ ಒಳಕ್ಕಿಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿಕೊಂಡು ಅಂಗಾಂಶವನ್ನು ಹಾಳು ಮಾಡಿರುತ್ತೆ. ಗಾಯ ದೊಡ್ಡದಾದರೆ ಹೃದಯದ ಬಡಿತಕ್ಕೂ ಅಪಾಯ. ಲೇಬಲ್ ಇಲ್ಲದ ಕ್ಯಾನ್‌ನಿಂದ ಬಗ್ಗಿಸಿಕೊಳ್ಳೋ ಹುಡುಗನಿಗೆ ಇದನ್ನೆಲ್ಲ ಯಾರು ಹೇಳ್ತಾರೆ?

ಹಾಗಾದರೆ ಏನು ಮಾಡಬೇಕು? ಕಲೆ ಕಚ್ಚೋಕೆ ಮುಂಚೆಯೇ ತೊಳೀಬೇಕು, ಅಷ್ಟೇ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಸಾಕು. ಕಾರು ನೆರಳಲ್ಲಿರಲಿ, ಚಕ್ರ ಪೂರ್ತಿ ತಣ್ಣಗಾಗಿರಲಿ. ಬಿಸಿ ಚಕ್ರದ ಮೇಲೆ ಕ್ಲೀನರ್ ಒಣಗಿ ಹೊಸ ಕಲೆ ಬೀಳುತ್ತೆ. ಮೊದಲು ನೀರು ಹಾಕಿ ಸಡಿಲವಾದ ಪುಡಿಯನ್ನು ಇಳಿಸಬೇಕು, ಒಣ ಬಟ್ಟೆಯಲ್ಲಿ ಒರೆಸೋಕೆ ಹೋದರೆ ಆ ಪುಡಿಯೇ ಉಪ್ಪುಕಾಗದದ ಕೆಲಸ ಮಾಡುತ್ತೆ. ಆಮೇಲೆ ಸಾಧಾರಣ ಕಾರ್ ಶಾಂಪೂ, ಮೆತ್ತನೆ ಬ್ರಷ್, ಒಂದು ಸಲಕ್ಕೆ ಒಂದೇ ಚಕ್ರ. ನಟ್‌ಗಳ ಸಂದು, ರಿಮ್‌ನ ಒಳಭಾಗ ಮರೀಬೇಡಿ. ಚಕ್ರಕ್ಕೆ ಬಳಸಿದ ಬಕೆಟ್ಟು, ಬಟ್ಟೆ ಬಾಡಿ ಕಡೆಗೆ ಹೋಗಬಾರದು.

ಆಗಲೇ ಕಚ್ಚಿಕೊಂಡ ಕಬ್ಬಿಣಕ್ಕೆ "ಐರನ್ ರಿಮೂವರ್" ಅಂತ ಸಿಗುತ್ತೆ. ಅದರಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೋಲೇಟ್ ಲವಣ ಇರುತ್ತೆ. ಕೂದಲು ತೆಗೆಯೋ ಕ್ರೀಮುಗಳಲ್ಲಿ ಇರೋದೂ ಇದೇ ಜಾತಿಯ ರಾಸಾಯನಿಕ. ಕಬ್ಬಿಣಕ್ಕೆ ತಾಗಿದ ಕಡೆ ನೇರಳೆ ಬಣ್ಣಕ್ಕೆ ತಿರುಗುತ್ತೆ, ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತೆ. ಇದಕ್ಕೂ ಗ್ಲೌಸ್ ಬೇಕು, ತೆರೆದ ಜಾಗ ಬೇಕು, ಒಣಗೋ ಮೊದಲೇ ಚೆನ್ನಾಗಿ ತೊಳೀಬೇಕು. ಆರೇಳು ತಿಂಗಳಿಗೊಮ್ಮೆ ಬಳಸೋ ಔಷಧಿ ಇದು, ಪ್ರತಿ ವಾರದ ಸೋಪಲ್ಲ.

ತೊಳೆದು ಒಣಗಿಸಿದ ಮೇಲೆ ರಕ್ಷಣೆಯ ಮಾತು. ಕಾರ್ನೌಬಾ ವ್ಯಾಕ್ಸ್ ಸುಮಾರು 82ರಿಂದ 86 ಡಿಗ್ರಿಯಲ್ಲಿ ಕರಗುತ್ತೆ. ಬ್ರೇಕ್ ಪಕ್ಕದಲ್ಲೇ ಬಿಸಿಯಾಗೋ ಚಕ್ರದ ಮೇಲೆ ಅದು ಹೆಚ್ಚು ದಿನ ನಿಲ್ಲಲ್ಲ. ಪಾಲಿಮರ್ ಸೀಲೆಂಟ್ ಅದಕ್ಕಿಂತ ವಾಸಿ, ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಬಾಳುತ್ತೆ. ಆದರೆ ಯಾವುದೂ ಪುಡಿ ಬೀಳೋದನ್ನು ತಡೆಯಲ್ಲ. ಬಿದ್ದ ಪುಡಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೇ. ಒಂದು ಎಚ್ಚರಿಕೆ: ವ್ಯಾಕ್ಸಾಗಲಿ, ಟೈರ್ ಪಾಲಿಶಾಗಲಿ ಡಿಸ್ಕ್ ಮತ್ತು ಪ್ಯಾಡ್‌ಗೆ ತಾಗಲೇಬಾರದು. ಬೈಕ್ ಡಿಸ್ಕಿಗೂ ಇದೇ ಮಾತು. ತೊಳೆದ ಮೇಲೆ ನಿಧಾನವಾಗಿ ಓಡಿಸಿ ಎರಡು ಮೂರು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿಕೊಳ್ಳಿ.

"ಇಷ್ಟೆಲ್ಲ ಮಾಡೋಕೆ ನೀರೆಲ್ಲಿದೆ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರಲ್ಲಿ ವಾಹನ ತೊಳೆಯೋದನ್ನು ನಿಷೇಧಿಸಿ 5000 ರೂಪಾಯಿ ದಂಡ ಇಟ್ಟಿತ್ತು. ಆದರೆ ನಾಲ್ಕು ಚಕ್ರಕ್ಕೆ ಪೈಪ್ ಬೇಕಿಲ್ಲ. ಹಿಡಿದಿಟ್ಟ ಮಳೆನೀರು ಒಂದೆರಡು ಬಕೆಟ್ ಇದ್ದರೆ ಆಗುತ್ತೆ. ಕಲೆ ಹಳೆಯದಾದಷ್ಟೂ ನೀರು, ರಾಸಾಯನಿಕ ಎರಡೂ ಹೆಚ್ಚು ಬೇಕು. "ಟೈಮಿಲ್ಲ" ಅನ್ನೋರಿಗೂ ಇದೇ ಉತ್ತರ.

ಇನ್ನು ನಮ್ಮ ವಿದ್ಯಾರ್ಥಿಗಳಿಗೇ ಹೇಳಬೇಕಾದ ಮಾತು. ವರ್ಕ್‌ಶಾಪ್‌ನಲ್ಲಿ ಬ್ರೇಕ್ ಬಿಚ್ಚಿದರೆ ಕೈ ತಾನಾಗಿ ಏರ್ ಗನ್ ಕಡೆ ಹೋಗುತ್ತೆ. ಒಂದು ಸಲ ಊದಿದರೆ ಡ್ರಮ್ಮೇನೋ ಸ್ವಚ್ಛ. ಆದರೆ ಪುಡಿ ಎಲ್ಲಿಗೆ ಹೋಯಿತು? ಸುತ್ತ ನಿಂತವರ ಮೂಗಿಗೆ. ದಶಕಗಳ ಕಾಲ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಬಳಸ್ತಿದ್ದರು, ಅದರ ನಾರು ಉಸಿರಲ್ಲಿ ಸೇರಿದರೆ ಕ್ಯಾನ್ಸರ್ ಬರುತ್ತೆ. ಅಮೆರಿಕ ಕ್ರೈಸೊಟೈಲ್ ಆಸ್ಬೆಸ್ಟಾಸ್ ನಿಷೇಧದ ನಿಯಮ ತಂದಿದ್ದೇ 2024ರಲ್ಲಿ. ಎಲ್ಲಿಂದಲೋ ಬಂದ ಹಳೇ ಪ್ಯಾಡ್‌ನಲ್ಲಿ ಏನಿದೆ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಹಾಗಾಗಿ ನಿಯಮ ಒಂದೇ ಇರಲಿ: ಒದ್ದೆ ಮಾಡಿ ಒರೆಸು, ಒಣಗಿದ್ದನ್ನು ಊದಬೇಡ.

ತೊಳೆಯೋದಕ್ಕಿಂತ ಪುಡಿ ಹುಟ್ಟದ ಹಾಗೆ ಮಾಡೋದು ಮೇಲು. ಶಿರಾಡಿ, ಆಗುಂಬೆ ಘಾಟಿ ಇಳಿಯುವಾಗ ಕಡಿಮೆ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿಯೋ ಹಾಗೆ ಬಿಟ್ಟರೆ ಬ್ರೇಕೂ ಕಾಯಲ್ಲ, ಪ್ಯಾಡೂ ಸವೆಯಲ್ಲ. ಎಲೆಕ್ಟ್ರಿಕ್ ಕಾರಲ್ಲಿ ವೇಗ ತಗ್ಗಿಸೋ ಕೆಲಸದ ದೊಡ್ಡ ಪಾಲನ್ನು ಮೋಟಾರೇ ಮಾಡಿ ಬ್ಯಾಟರಿಗೆ ವಾಪಸ್ ಕೊಡುತ್ತೆ. ಕಾನೂನೂ ಈ ಕಡೆ ತಿರುಗಿದೆ. ಕ್ಯಾಲಿಫೋರ್ನಿಯಾ 2010ರಲ್ಲೇ ಬ್ರೇಕ್ ಪ್ಯಾಡ್‌ನ ತಾಮ್ರ ತಗ್ಗಿಸೋ ಕಾನೂನು ಮಾಡಿತು, ಯಾಕೆಂದರೆ ರಸ್ತೆಯಿಂದ ಹರಿದು ಹೋಗೋ ತಾಮ್ರ ನೀರಿನ ಜೀವಿಗಳಿಗೆ ವಿಷ. ಯುರೋಪಿನ ಯೂರೋ 7 ನಿಯಮ 2026ರ ನವೆಂಬರ್ ಕೊನೆಯಿಂದ ಹೊಸ ಮಾದರಿ ಕಾರುಗಳ ಬ್ರೇಕ್ ಪುಡಿಗೂ ಮಿತಿ ಹಾಕುತ್ತೆ: ಪೆಟ್ರೋಲ್, ಡೀಸೆಲ್ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬ್ಯಾಟರಿ ಕಾರಿಗೆ 3. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್ 6 ಸೈಲೆನ್ಸರ್ ಹೊಗೆಯನ್ನು ಬಿಗಿ ಮಾಡಿತು, ಬ್ರೇಕ್ ಪುಡಿಯನ್ನು ಮುಟ್ಟಲಿಲ್ಲ. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಸಿಗ್ತಿಲ್ಲ ಅನ್ನೋರು ಇಲ್ಲಿ ಸ್ವಲ್ಪ ಕಣ್ಣು ಹಾಯಿಸಿ.

ನಿಯಮ ಬರೋವರೆಗೆ ಕಾಯಬೇಕಿಲ್ಲ. ವಾಟರ್ ಸರ್ವಿಸ್‌ಗೆ ಹೋದಾಗ "ಚಕ್ರಕ್ಕೆ ಶಾಂಪೂ ಸಾಕಪ್ಪ, ನಿಧಾನಕ್ಕೆ ಮಾಡು" ಅಂತ ನಾವೇ ಮೊದಲು ಹೇಳೋಣ. ಉಜ್ಜೋಕೆ ಹತ್ತು ನಿಮಿಷ ಹೆಚ್ಚಾದರೆ ಆ ಹತ್ತು ನಿಮಿಷಕ್ಕೆ ದುಡ್ಡು ಕೊಡೋಣ. ನಮ್ಮ ವರ್ಕ್‌ಶಾಪ್ ಗೋಡೆ ಮೇಲೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕೋಣ: "ಬ್ರೇಕ್ ಮೇಲೆ ಏರ್ ಗನ್ ಬಳಸಬಾರದು." ಬೋರ್ಡ್ ಬರೆಯೋ ಕೆಲಸ ಕನ್ನಡ ಸಂಘದ್ದೇ ಆಗಲಿ.