‘ಬಿಹೈಂಡ್ ಓನ್ಲಿ’ ಅಂದ್ರೆ ನಗಬೇಡಿ ಕಣ್ರೀ

ಹೋದ ಭಾನುವಾರ ಕುಣಿಗಲ್‌ಗೆ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಂಡು ಜಗಲಿ ಮೇಲೆ ಕೂತಿದ್ದಾಗ ಅಕ್ಕನ ಮಗಳು ಇಂಗ್ಲಿಷ್ ನೋಟ್‌ಬುಕ್ ತಂದು ನನ್ನ ತೊಡೆ ಮೇಲಿಟ್ಟಳು. ಏಳನೇ ಕ್ಲಾಸು. “ಮಾಮ, ಇದ್ರಲ್ಲಿ ಏನು ತಪ್ಪಿದೆ ಹೇಳು” ಅಂದಳು.

‘ನನ್ನ ಮನೆ’ ಅಂತ ಪ್ರಬಂಧ. ಮೊದಲ ಸಾಲಿಗೇ ಕೆಂಪು ಗೀಟು. “ಮೈ ಹೌಸ್ ಈಸ್ ಬಿಹೈಂಡ್ ದ ಬಸ್ ಸ್ಟ್ಯಾಂಡ್ ಓನ್ಲಿ.” ಓನ್ಲಿ ಸುತ್ತ ಎರಡು ಸುತ್ತು ಹಾಕಿದ್ದಾರೆ. ಆ ಸಾಲನ್ನ ಕ್ಲಾಸಲ್ಲಿ ಜೋರಾಗಿ ಓದಿಸಿದ್ರಂತೆ, ಎಲ್ಲರೂ ನಕ್ಕರಂತೆ. ಈಗ ಹುಡುಗರೆಲ್ಲ ಇವಳನ್ನ ‘ಓನ್ಲಿ’ ಅಂತಲೇ ಕರೀತಾರೆ. ಸರಿ, ಹೇಗೆ ಬರೀಬೇಕು ಅಂತ ಹೇಳಿಕೊಟ್ರಾ ಅಂದೆ. “ಅದು ಕನ್ನಡ ಇಂಗ್ಲಿಷು, ಹಂಗೆ ಬರೀಬಾರ್ದು ಅಂದ್ರು, ಅಷ್ಟೇ.”

ನನಗೆ ನಗು ಬರಲಿಲ್ಲ. ಯಾಕಂದ್ರೆ ನಾನೂ ಒಂದು ಕಾಲದ ‘ಓನ್ಲಿ’ಯೇ. ಗುಬ್ಬಿಯಲ್ಲಿ ಕನ್ನಡ ಮೀಡಿಯಂ ಓದಿ, ತುಮಕೂರಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ಟ್ರೈನಿಂಗ್ ಕೊಡೋರು ಯಾವೂರು ಅಂತ ಕೇಳಿದ್ರು. “ಗುಬ್ಬಿ. ಆಫ್ಟರ್ ತುಮಕೂರ್ ಓನ್ಲಿ” ಅಂದೆ. ರೂಮಿಗೆ ರೂಮೇ ನಕ್ಕಿತು. ಏನು ತಪ್ಪು ಹೇಳಿದೆ ಅಂತ ನನಗೆ ಆವತ್ತು ಗೊತ್ತಾಗಲೇ ಇಲ್ಲ. ಆಮೇಲೆ ಸುಮಾರು ಎರಡು ವರ್ಷ ಮೀಟಿಂಗ್‌ನಲ್ಲಿ ಬಾಯಿ ಬಿಡಲಿಲ್ಲ. ಗೊತ್ತಿದ್ದ ಉತ್ತರವನ್ನೂ ಪಕ್ಕದವನ ಕಿವಿಯಲ್ಲಿ ಹೇಳಿ ಅವನ ಬಾಯಲ್ಲಿ ಹೇಳಿಸ್ತಿದ್ದೆ. ಹೆಸರು ಅವನಿಗೆ ಬಂತು ಬಿಡಿ, ಅದು ಬೇರೆ ಕತೆ :)

ಈಗ ವಿಷಯಕ್ಕೆ ಬರೋಣ. ನಾವು ‘ಓನ್ಲಿ’ ಅಂತ ಯಾಕೆ ಸೇರಿಸ್ತೀವಿ? ದಡ್ಡತನಕ್ಕಲ್ಲ. ನಮ್ಮ ಭಾಷೆಯಲ್ಲಿ ಅಲ್ಲೊಂದು ‘ಏ’ ಇದೆ. ಬಸ್‌ಸ್ಟ್ಯಾಂಡ್ ಹಿಂದೇನೇ, ಟೌನ್‌ಹಾಲ್ ಎದುರಿಗೇ, ಮನೆ ಒಳಗಡೇನೇ, ತುಮಕೂರು ಆದ್ಮೇಲೇನೇ. ಸ್ಕೂಲ್ ವ್ಯಾಕರಣದಲ್ಲಿ ಅವಧಾರಣೆ ಅಂತ ಉರು ಹೊಡೆದಿದ್ದೀವಲ್ಲ, ಅದೇ. ಬರೀ ‘ಹಿಂದೆ’ ಅಂದ್ರೆ ಹಿಂದೆ ಎಲ್ಲೋ ಒಂದು ಕಡೆ. ‘ಹಿಂದೇನೇ’ ಅಂದ್ರೆ ಹುಡುಕೋದೇ ಬೇಡ, ತಿರುಗಿದ್ರೆ ಕಾಣುತ್ತೆ. ಒಂದೇ ಒಂದು ಸ್ವರದಲ್ಲಿ ಇಷ್ಟು ಕೆಲಸ!

ಈ ‘ಏ’ಗೆ ಎರಡು ಮುಖ. “ನಾನೇ ಮಾಡಿದ್ದು” ಅಂದ್ರೆ ನಾನು, ಬೇರೆ ಯಾರೂ ಅಲ್ಲ. ಇಲ್ಲಿ ಓನ್ಲಿ ಅನ್ನೋದಕ್ಕೆ ಸ್ವಲ್ಪ ಹತ್ತಿರ ಬರುತ್ತೆ. “ಹಿಂದೇನೇ ಇದೆ” ಅನ್ನುವಾಗ ಆ ಅರ್ಥ ಇಲ್ಲ, ಇಲ್ಲಿ ಅದು ಒತ್ತಿ ತೋರಿಸೋ ಬೆರಳು. ಹುಡುಗಿ ಮೊದಲನೇದಕ್ಕೆ ಸಿಕ್ಕ ಇಂಗ್ಲಿಷ್ ಪದವನ್ನ ಎರಡನೇದಕ್ಕೂ ಹಚ್ಚಿದ್ದಾಳೆ, ಅದೂ ಕನ್ನಡದ ಜಾಗದಲ್ಲೇ, ಅಂದ್ರೆ ಕೊನೆಯಲ್ಲಿ. ತಪ್ಪು ಇಷ್ಟೇ.

ಇಂಗ್ಲಿಷಿನವರ ಹತ್ತಿರ ಈ ಬೆರಳು ಇಲ್ವಾ? ಇದೆ. ಆದರೆ ಬಾಲದಲ್ಲಿಲ್ಲ, ತಲೆಯಲ್ಲಿದೆ. ರೈಟ್ ಬಿಹೈಂಡ್ ದ ಬಸ್ ಸ್ಟ್ಯಾಂಡ್. ಜಸ್ಟ್ ಬಿಫೋರ್ ದ ಬ್ರಿಡ್ಜ್. ಸ್ಟ್ರೈಟ್ ಡೌನ್ ದ ರೋಡ್. ವೆಲ್ ಬಿಫೋರ್ ಸನ್‌ಸೆಟ್. ಹಾಫ್‌ವೇ ಅಪ್ ದ ಹಿಲ್. ಅವರ ಪ್ರೆಪೊಸಿಷನ್ ಹೆಸರಿಗಿಂತ ಮುಂಚೆ ಬರುತ್ತೆ, ಅದಕ್ಕೆ ಒತ್ತು ಕೊಡೋ ಪದ ಅದಕ್ಕೂ ಮುಂಚೆ ಬಂದು ನಿಲ್ಲುತ್ತೆ. ನಮ್ಮಲ್ಲಿ ಮೊದಲು ಬಸ್‌ಸ್ಟ್ಯಾಂಡು, ಆಮೇಲೆ ಹಿಂದೆ, ಅದಕ್ಕೆ ಅಂಟಿಕೊಂಡು ‘ಏ’. ಕನ್ನಡಿಯಲ್ಲಿ ನೋಡಿದ ಹಾಗೆ, ಪೂರ್ತಿ ತಿರುವುಮುರುವು.

ಇನ್ನೊಂದು ತಮಾಷೆ ನೋಡಿ. ವೆರಿ ಬಿಗ್ ಅಂತಾರೆ, ವೆರಿ ಬಿಹೈಂಡ್ ಅನ್ನೋ ಹಾಗಿಲ್ಲ. ರೈಟ್ ಬಿಹೈಂಡ್ ಅಂತಾರೆ, ರೈಟ್ ಬಿಗ್ ಅನ್ನೋದು ಪುಸ್ತಕದ ಇಂಗ್ಲಿಷಲ್ಲಿ ಸಲ್ಲದು. ಯಾವ ಪದ ಪ್ರೆಪೊಸಿಷನ್ ಅಂತ ಪರೀಕ್ಷೆ ಮಾಡೋಕೆ ವ್ಯಾಕರಣದವರು ಈ ‘ರೈಟ್’ ಅನ್ನೇ ಒರೆಗಲ್ಲಿನ ಹಾಗೆ ಬಳಸ್ತಾರೆ. ಹಡಲ್‌ಸ್ಟನ್ ಮತ್ತು ಪುಲ್ಲಮ್ ಅನ್ನೋರು 2002ರಲ್ಲಿ ತಂದ ಕೇಂಬ್ರಿಡ್ಜ್‌ನ ದಪ್ಪ ಇಂಗ್ಲಿಷ್ ವ್ಯಾಕರಣದಲ್ಲಿ ಇದು ಇದೆ. ನಮ್ಮ ಯಾವ ಮೇಷ್ಟ್ರೂ ಇದನ್ನ ನಮಗೆ ಹೇಳಲಿಲ್ಲ. ಪ್ರೆಪೊಸಿಷನ್ ಅಂದ್ರೆ ಇನ್, ಆನ್, ಅಟ್ ಅಂತ ಬಿಟ್ಟಸ್ಥಳ ತುಂಬಿಸಿದ್ದೇ ತುಂಬಿಸಿದ್ದು.

ಕನ್ನಡದಲ್ಲಿ ‘ಏ’ ಒಂದೇ ಅಲ್ಲ, ಇನ್ನೂ ಮಜಾ ಇದೆ. ರೈಟ್ ಇನ್ ದ ಮಿಡ್ಲ್ ಅನ್ನೋಕೆ ನಮ್ಮಲ್ಲಿ ‘ನಟ್ಟನಡುವೆ’. ಅಟ್ ದ ವೆರಿ ಟಿಪ್ ಅನ್ನೋಕೆ ‘ತುತ್ತತುದಿಯಲ್ಲಿ’. ಅಟ್ ದ ವೆರಿ ಎಂಡ್ ಅನ್ನೋಕೆ ‘ಕಟ್ಟಕಡೆಗೆ’. ಪದವೇ ತನ್ನ ಮೂತಿಯನ್ನ ಇನ್ನೊಂದು ಸಲ ಮುಂದೆ ಚಾಚಿ ಒತ್ತು ಕೊಡುತ್ತೆ. ‘ಹಿಂದಿಂದೇನೇ ಬಂದ’ ಅಂದ್ರೆ ಸಾಕು, ನೆರಳಿನ ಹಾಗೆ ಬಂದ ಅಂತ ಗೊತ್ತಾಗುತ್ತೆ. ದೂರ ಹೇಳುವಾಗಂತೂ ನಮ್ಮದು ಮಧ್ಯದಲ್ಲಿ ಬರುತ್ತೆ: ತುಮಕೂರಿಂದ ಸ್ವಲ್ಪ ಮುಂದೆ, ತುಮಕೂರಿಂದ 20 ಕಿಲೋಮೀಟರ್ ಮುಂದೆ. ಇಂಗ್ಲಿಷಲ್ಲಿ ಅದೂ ಮೊದಲೇ ಬರಬೇಕು: ಟ್ವೆಂಟಿ ಕಿಲೋಮೀಟರ್ಸ್ ಬಿಯಾಂಡ್ ತುಮಕೂರು. ಆವತ್ತು ನಾನು ಹೇಳಬೇಕಾಗಿದ್ದದ್ದು ಇದು. ಹೊಳೆಯೋಕೆ ಇಷ್ಟು ವರ್ಷ ಬೇಕಾಯ್ತು.

ನಮ್ಮ ವ್ಯಾಕರಣದ ಪುಸ್ತಕಗಳದ್ದೂ ತಪ್ಪಿದೆ. ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲವನ್ನೂ ಅವ್ಯಯ ಅಂತ ಒಂದೇ ಮೂಟೆಗೆ ತುಂಬಿಬಿಡ್ತಾರೆ. ಅವ್ಯಯ ಅಂದ್ರೆ ಬದಲಾಗದ್ದು. ಆದ್ರೆ ಮೇಲಿಂದ, ಮೇಲಿನ, ಮೇಲಕ್ಕೆ ಅಂತೆಲ್ಲ ಆಗುತ್ತಲ್ಲ ಸ್ವಾಮಿ? “ಮೇಲೆ ಹೋದ” ಅಂದ್ರೂ ಸರಿ, “ಮರದ ಮೇಲೆ ಹೋದ” ಅಂದ್ರೂ ಸರಿ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕ ಬರೆದಾಗ ಎಷ್ಟೋ ಜನ ಮುನಿಸಿಕೊಂಡರು. ಅವರು ಹೇಳೋದೆಲ್ಲ ನನಗೂ ಒಪ್ಪಿಗೆಯಿಲ್ಲ, ಮಹಾಪ್ರಾಣ ಬಿಡೋಕೆ ನನ್ನ ಕೈ ಬರೋದಿಲ್ಲ. ಆದರೆ ಈ ವಿಷಯದಲ್ಲಿ ಅವರ ಕಡೆ ನಾನು. ನಮ್ಮ ‘ಏ’ ಏನು ಮಾಡುತ್ತೆ ಅಂತ ನಮಗೇ ಸರಿಯಾಗಿ ಹೇಳಿಕೊಟ್ಟಿದ್ರೆ ಇಂಗ್ಲಿಷಿನ ‘ರೈಟ್’ ಅರ್ಧ ಗಂಟೆಯ ಪಾಠ.

“ಕನ್ನಡ ತಂದ್ರೆ ಇಂಗ್ಲಿಷ್ ಕೆಡುತ್ತೆ” ಅನ್ನೋ ವಾದ ಇದೆಯಲ್ಲ, ಅದು ನಮ್ಮ ಜಿಲ್ಲೆಯಲ್ಲಿ ನಿಲ್ಲಬಾರದು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಇಂಗ್ಲಿಷ್ ಪ್ರೊಫೆಸರ್ ಆಗಿದ್ದೋರು, ‘ಇಂಗ್ಲಿಷ್ ಗೀತಗಳು’ ಕೊಟ್ಟೋರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀ. ಕನ್ನಡ ವ್ಯಾಕರಣ ಬರೆದೋರು. ಎರಡೂ ಭಾಷೆ ಒಂದೇ ತಲೆಯಲ್ಲಿ ಜಗಳವಿಲ್ಲದೆ ಕೂರುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಯಾಕೆ?

ಹಾಗಂತ ‘ಓನ್ಲಿ’ ಅಂತ ಬರೆಯೋದೇ ಸರಿ ಅಂತಾನೂ ನಾನು ಹೇಳಲ್ಲ. ಇಡೀ ಇಂಡಿಯಾ ಹಾಗೇ ಮಾತಾಡುತ್ತೆ, ಹಿಂದಿಯ ‘ಹೀ’ ಕೂಡ ನಮ್ಮ ‘ಏ’ ಥರದ್ದೇ. ಕ್ಲಾಡಿಯಾ ಲಾಂಗೆ ಅನ್ನೋರು 2007ರಲ್ಲಿ ಇಂಡಿಯಾದವರ ಓನ್ಲಿ ಮತ್ತು ಇಟ್‌ಸೆಲ್ಫ್ ಮೇಲೆ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ನಮ್ಮನಮ್ಮೊಳಗೆ ಮಾತಾಡುವಾಗ ಇರಲಿ, ಚೆನ್ನಾಗೇ ಇದೆ. ಆದರೆ ಹೊರಗಿನವರಿಗೆ ಅರ್ಥ ಕೆಡುತ್ತೆ. ಒಂದ್ಸಲ ಹೊರದೇಶದ ಕ್ಲೈಂಟ್‌ಗೆ “ಐ ವಿಲ್ ಸೆಂಡ್ ಆಫ್ಟರ್ ಲಂಚ್ ಓನ್ಲಿ” ಅಂತ ಮೇಲ್ ಹಾಕಿದ್ದೆ. ಊಟ ಆದ ತಕ್ಷಣ ಕಳಿಸ್ತೀನಿ ಅನ್ನೋದು ನನ್ನ ಲೆಕ್ಕ. ಊಟ ಆಗೋ ತನಕ ಮುಟ್ಟೋದೇ ಇಲ್ಲ ಅಂತ ಸಿಡುಕ್ತಿದ್ದಾನೆ ಅನ್ನೋದು ಆ ಪುಣ್ಯಾತ್ಮನ ಲೆಕ್ಕ. ಮ್ಯಾನೇಜರ್ ಕರೆಸಿ ಕೇಳಿದ್ರು! ರೈಟ್ ಆಫ್ಟರ್ ಲಂಚ್ ಅಂದಿದ್ರೆ ಮುಗೀತಿತ್ತು.

ಅದಕ್ಕೇ ಹೇಳೋದು, ತಿದ್ದಿ. ಖಂಡಿತ ತಿದ್ದಿ. ಆದರೆ ಕೆಂಪು ಸುತ್ತು ಹಾಕಿ ಕ್ಲಾಸಿಗೆಲ್ಲ ಓದಿಸಿ ನಗಿಸಿದ್ರೆ ಅದು ತಿದ್ದೋದಲ್ಲ, ಬಾಯಿ ಹೊಲಿಯೋದು. ನನ್ನ ಬಾಯಿ ಎರಡು ವರ್ಷ ಹೊಲಿದಿತ್ತು. ಹನ್ನೆರಡು ವರ್ಷದ ಹುಡುಗಿಯದ್ದು ಎಷ್ಟು ದಿನ?

ಆವತ್ತು ಜಗಲಿ ಮೇಲೆ ಅವಳಿಗೆ ಇಷ್ಟೇ ಹೇಳಿದೆ: “ಕನ್ನಡದಲ್ಲಿ ಬಾಲದಲ್ಲಿರೋ ‘ಏ’ನ ಕಿತ್ತು, ಇಂಗ್ಲಿಷಲ್ಲಿ ತಲೆ ಮೇಲೆ ‘ರೈಟ್’ ಮಾಡಿ ಇಡು.” ಒಂದು ನಿಮಿಷ ಪೆನ್ಸಿಲ್ ಕಚ್ಚಿದಳು. ಆಮೇಲೆ ಸಾಲು ಮೇಲೆ ಸಾಲು. ಮನೆ ರೈಟ್ ಬಿಹೈಂಡ್ ದ ಬಸ್ ಸ್ಟ್ಯಾಂಡ್. ನಾಯಿ ರೈಟ್ ಇನ್ ದ ಮಿಡ್ಲ್ ಆಫ್ ದ ರೋಡ್. ಅಜ್ಜಿ ರೈಟ್ ನೆಕ್ಸ್ಟ್ ಟು ದ ಟೀವಿ. ಅಕ್ಕ ಒಳಗಿಂದ ಕಾಫಿ ತಂದು, ಏನೋ ಮಾಮ ಸೊಸೆ ಇಷ್ಟು ನಗ್ತಿದ್ದೀರಿ ಅಂದಳು.

ಕೊನೆಗೆ ಹುಡುಗಿ ನನ್ನನ್ನೇ ಸಿಕ್ಕಿಸಿದಳು. “ಮಾಮ, ಕೆರೆ ಏರಿ ಮೇಲೇನೇ ನಡ್ಕೊಂಡು ಬಂದ್ವಿ ಅನ್ನೋಕೆ ಏನನ್ನಬೇಕು? ರೈಟ್ ಆನ್ ಅಂದ್ರೆ ಒಂದೇ ಜಾಗದಲ್ಲಿ ನಿಂತ ಹಾಗೆ ಆಗಲ್ವಾ?” ಆಲ್ ಅಲಾಂಗ್ ಅಂತ ಏನೋ ಹೇಳಿ ತಪ್ಪಿಸಿಕೊಂಡೆ. ಪೂರ್ತಿ ಸಮಾಧಾನ ಅವಳಿಗೂ ಆಗಿಲ್ಲ, ನನಗೂ ಆಗಿಲ್ಲ. ನಿಮಗೆ ಬೇರೆ ಏನಾದ್ರೂ ಹೊಳೆದ್ರೆ ಹೇಳಿ, ಮುಂದಿನ ಭಾನುವಾರ ಮತ್ತೆ ಕುಣಿಗಲ್‌ಗೆ ಹೋಗೋದಿದೆ.