ಎಸ್‌ಸಿ ಎಸ್‌ಟಿ ಪೇರೆಂಟ್ಸ್ ಸ್ವಲ್ಪ ಕೈ ಎತ್ತಿ



ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ. ಕೋಪದಲ್ಲಿ ಬರೆದರೆ ಬರೀ ಬೈಗುಳ ಆಗುತ್ತೆ ಅಂತ ಎರಡು ದಿನ ಸುಮ್ಮನಿದ್ದೆ. ಈಗ ಬರೀತಿದ್ದೀನಿ.

ಮೊನ್ನೆ ಶನಿವಾರ ನನ್ನ ಮಗಳ ಶಾಲೆಯಲ್ಲಿ ಆರನೇ ತರಗತಿಯ ಪೋಷಕರ ಸಭೆ ಇತ್ತು. ನಮ್ಮ ಗೋಕುಲಂ ಸುತ್ತಮುತ್ತಲಿನ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ಹೆಸರು ಹಾಕಲ್ಲ. ಹಾಕಿದರೆ ಇದು ಒಂದು ಶಾಲೆಯ ಜಗಳ ಆಗಿಬಿಡುತ್ತೆ, ಉಳಿದ ಶಾಲೆಗಳವರೆಲ್ಲ "ನಮ್ಮಲ್ಲಿ ಹಾಗಿಲ್ಲಪ್ಪ" ಅಂತ ಕೈ ತೊಳ್ಕೋತಾರೆ. ಅಲ್ಲದೆ ನನ್ನ ಮಗಳು ಇನ್ನೂ ಅದೇ ಕ್ಲಾಸಿನಲ್ಲಿ ಕೂರಬೇಕು.

ಸಭೆ ಚೆನ್ನಾಗಿಯೇ ಶುರುವಾಯ್ತು. ಈ ವರ್ಷದಿಂದ ಮೂರನೇ ಭಾಷೆ ಹಿಂದಿ ಬರುತ್ತೆ, ಗಣಿತ ಸ್ವಲ್ಪ ಕಷ್ಟ ಆಗುತ್ತೆ, ನಾಲ್ಕು ಎಫ್‌ಎ, ಎರಡು ಎಸ್‌ಎ ಇರುತ್ತೆ ಅಂತ ಕ್ಲಾಸ್ ಟೀಚರ್ ಒಂದೊಂದಾಗಿ ವಿವರಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಪಾಪ, ತಯಾರಿ ಮಾಡಿಕೊಂಡೇ ಬಂದಿದ್ದರು. "11 ವರ್ಷದ ಮಕ್ಕಳಿಗೆ ಈಗ ಎಲ್ಲಾ ಅರ್ಥ ಆಗುತ್ತೆ. ಅವರ ಮುಂದೆ ಮಾತಾಡುವಾಗ ದೊಡ್ಡವರು ಹುಷಾರಾಗಿರಬೇಕು" ಅಂದರು. ಒಳ್ಳೆ ಮಾತು ಅಂತ ನಾನೂ ತಲೆ ಆಡಿಸಿದೆ.

ಕೊನೆಗೆ ಅದೇ ಟೀಚರ್ ಕೈಯಲ್ಲಿದ್ದ ಹಾಳೆ ನೋಡಿಕೊಂಡು ಹೇಳಿದರು: "ಎಸ್‌ಸಿ ಎಸ್‌ಟಿ ಪೇರೆಂಟ್ಸ್ ಸ್ವಲ್ಪ ಕೈ ಎತ್ತಿ. ಸ್ಕಾಲರ್‌ಶಿಪ್ ವಿಷ್ಯ ಇದೆ. ಮೀಟಿಂಗ್ ಆದ್ಮೇಲೆ ನೀವು ಮಾತ್ರ ನಿಂತ್ಕೊಳ್ಳಿ."

ಹತ್ತಿರ ಹತ್ತಿರ 40 ಕುಟುಂಬ. ಪಕ್ಕದಲ್ಲೇ ಮಕ್ಕಳು. ಒಂದು ಕ್ಷಣ ಯಾರೂ ಅಲುಗಾಡಲಿಲ್ಲ. ಆಮೇಲೆ ಎಲ್ಲರೂ ತಿರುಗಿ ನೋಡೋಕೆ ಶುರು ಮಾಡಿದರು. ಯಾರು ಕೈ ಎತ್ತುತ್ತಾರೆ ಅಂತ ನೋಡೋದು, ಗೊತ್ತಲ್ಲ, ಆ ನೋಟ. ನಾನು ಕೈ ಎತ್ತಿದೆ. ಹಿಂದಿನ ಸಾಲಿನಲ್ಲಿ ಇನ್ನಿಬ್ಬರು ಎತ್ತಿದರು. ನನಗೆ ಚೆನ್ನಾಗಿ ಗೊತ್ತಿರುವ ನಮ್ಮವರೇ ಒಬ್ಬರು ಮೊಬೈಲ್ ನೋಡ್ತಾ ತಲೆ ತಗ್ಗಿಸಿಬಿಟ್ಟರು. ಅವರ ಮೇಲೆ ನನಗೆ ಕೋಪ ಇಲ್ಲ. ಪಕ್ಕದಲ್ಲಿ ಅವರ ಮಗ ಕೂತಿದ್ದ.

ನಾನು 20 ವರ್ಷದಿಂದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡ್ತಿರೋಳು. ಕಡತ ಅಂದ್ರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಗುವನ್ನ ಸೇರಿಸುವಾಗಲೇ ಜಾತಿ ಪ್ರಮಾಣಪತ್ರ ಕೊಟ್ಟಿದ್ದೀವಿ. ಅದರ ಆರ್‌ಡಿ ನಂಬರ್ ಶಾಲೆಯಲ್ಲಿದೆ. ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿನ ಜಾತಿ ದಾಖಲಾಗಿದೆ. ಸ್ಕಾಲರ್‌ಶಿಪ್ ಅರ್ಜಿ ಹೋಗೋದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಅದೂ ಸ್ಯಾಟ್ಸ್ ನಂಬರ್ ಹಾಕಿ. ಅಂದ್ರೆ ಯಾರ್ಯಾರು ಎಸ್‌ಸಿ, ಯಾರ್ಯಾರು ಎಸ್‌ಟಿ ಅನ್ನೋ ಪಟ್ಟಿ ಶಾಲೆಯ ಕಂಪ್ಯೂಟರ್‌ನಲ್ಲಿ ಆಗಲೇ ಇದೆ. ಐದು ನಿಮಿಷದ ಕೆಲಸ. ಪ್ರತಿಯೊಬ್ಬರಿಗೂ ಬೇರೆಬೇರೆ ಫೋನ್ ಮಾಡಿ, ಇಲ್ಲವೇ ಡೈರಿಯಲ್ಲಿ ಒಂದು ಚೀಟಿ ಇಟ್ಟು ಕಳಿಸಬಹುದಿತ್ತು. ಫೀಸ್ ಬಾಕಿ ಇದ್ದರೆ ಹಾಗೇ ಗುಟ್ಟಾಗಿ ಫೋನ್ ಮಾಡ್ತಾರಲ್ಲ! ಸಭೆಯಲ್ಲಿ "ಫೀಸ್ ಕಟ್ಟದಿರೋರು ಕೈ ಎತ್ತಿ" ಅಂತ ಕೇಳ್ತಾರಾ? ಕೇಳಲ್ಲ. ಸಾಲಕ್ಕೂ ಒಂದು ಮರ್ಯಾದೆ ಇದೆ, ನಮಗಿಲ್ಲ.

ಸಭೆ ಮುಗಿದ ಮೇಲೆ ಟೀಚರ್ ಹತ್ತಿರ ಹೋಗಿ ಕೇಳಿದೆ. "ಮೇಡಂ, ನಿಮ್ಮ ಅನುಕೂಲಕ್ಕೇ ಅಲ್ವಾ?" ಅಂದರು. ಅವರ ಮುಖದಲ್ಲಿ ನಿಜವಾಗಿಯೂ ಕೆಟ್ಟ ಉದ್ದೇಶ ಕಾಣಲಿಲ್ಲ. ನನಗೆ ಹೆದರಿಕೆ ಆಗಿದ್ದೇ ಅದು. ಬೇಕಂತ ಮಾಡಿದವರ ಜೊತೆ ಜಗಳ ಆಡಬಹುದು. ತಪ್ಪು ಅಂತಲೇ ಗೊತ್ತಿಲ್ಲದೆ ಮಾಡಿದರೆ, ವರ್ಷ ವರ್ಷ ಮಾಡ್ತಾನೇ ಇರ್ತಾರೆ.

ಈಗ ಕೆಲವರು ಕೇಳ್ತಾರೆ: "ಏನ್ ಮೇಡಂ, ಮನೆಯಲ್ಲಿ ಬಾಬಾಸಾಹೇಬರ ಫೋಟೋ ಇಟ್ಟಿದ್ದೀರಿ, ಬೀದಿಯಲ್ಲಿ ಜೈಭೀಮ್ ಅಂತೀರಿ. ಶಾಲೆಯಲ್ಲಿ ಜಾತಿ ಹೇಳೋಕೆ ನಾಚಿಕೆನಾ?"

ನಾಚಿಕೆ ಇಲ್ಲ ಸ್ವಾಮಿ. ನಾನು ಕೈ ಎತ್ತಿದ್ದೀನಲ್ಲ. ನನ್ನ ಗುರುತನ್ನ ನಾನು ಯಾವಾಗ, ಎಲ್ಲಿ, ಯಾಕೆ ಹೇಳಬೇಕು ಅನ್ನೋದು ನನಗೆ ಬಿಟ್ಟಿದ್ದು. ಜಯಂತಿ ಮೆರವಣಿಗೆಯಲ್ಲಿ ನಾನೇ ನಿಂತು ಕೂಗಿದರೆ ಅದು ನನ್ನ ಮಾತು. 40 ಜನರ ಮುಂದೆ ಇನ್ನೊಬ್ಬರು ನಿಲ್ಲಿಸಿ ತೋರಿಸಿದರೆ ಅದು ಅವರ ಅಧಿಕಾರ. ಸರಿ, ಜಾತಿ ಹೇಳೋದರಲ್ಲಿ ತಪ್ಪೇ ಇಲ್ಲ ಅಂದ್ರೆ ಆ ಹಾಲ್‌ನಲ್ಲಿ ಕೂತಿದ್ದ ಎಲ್ಲರೂ ಸರದಿಯಲ್ಲಿ ಹೇಳಬೇಕಿತ್ತು. ಮಿಕ್ಕವರು "ಪೇರೆಂಟ್ಸ್", ನಾವು ಮಾತ್ರ "ಎಸ್‌ಸಿ ಎಸ್‌ಟಿ ಪೇರೆಂಟ್ಸ್".

ಬಾಬಾಸಾಹೇಬರು ಶಾಲೆಗೆ ಮನೆಯಿಂದಲೇ ಗೋಣಿತಟ್ಟು ಹೊತ್ತುಕೊಂಡು ಹೋಗಿ ಬೇರೆ ಕೂರಬೇಕಿತ್ತು. ಜವಾನ ನೀರು ಹೊಯ್ದರೆ ಉಂಟು, ಅವನಿಲ್ಲದ ದಿನ ನೀರಿಲ್ಲ. ಅವರೇ ಬರೆದಿಟ್ಟಿದ್ದಾರೆ. ಒಂಬತ್ತು ವರ್ಷದ ಹುಡುಗ ಅಪ್ಪನನ್ನ ನೋಡೋಕೆ ಕೋರೆಗಾಂವ್‌ಗೆ ಹೊರಟು ದಾರಿಯಲ್ಲಿ ಅನುಭವಿಸಿದ್ದು ಎನ್‌ಸಿಇಆರ್‌ಟಿಯ ಹಿಂದಿನ ಆರನೇ ತರಗತಿ ಪೌರನೀತಿ ಪುಸ್ತಕದಲ್ಲೇ ಪಾಠವಾಗಿತ್ತು. ಆರನೇ ತರಗತಿಯ ಮಕ್ಕಳಿಗೆ ತಾರತಮ್ಯ ಏನು ಅಂತ ಓದಿದರೆ ಅರ್ಥ ಆಗುತ್ತೆ ಅಂತ ಪುಸ್ತಕ ಬರೆದವರು ನಂಬಿದ್ದರು. ಆ ನಂಬಿಕೆ ನಿಜ. ನೋಡಿದರೂ ಅರ್ಥ ಆಗುತ್ತೆ.

ಇನ್ನೊಂದು ವಿಷಯ. ಊಟದ ಡಬ್ಬಿ. ನಿಯಮಗಳ ಹಾಳೆಯಲ್ಲಿ "ಶುದ್ಧ ಸಸ್ಯಾಹಾರ ಮಾತ್ರ, ಮೊಟ್ಟೆಯೂ ಬೇಡ" ಅಂತ ದಪ್ಪ ಅಕ್ಷರದಲ್ಲಿದೆ. ಅದೇ ಆರನೇ ತರಗತಿ ವಿಜ್ಞಾನದಲ್ಲಿ ಆಹಾರದ ಘಟಕಗಳು ಅಂತ ಪಾಠ ಇದೆ. ಪ್ರೋಟೀನ್ ಯಾವುದರಲ್ಲಿದೆ ಅಂದರೆ ಬೇಳೆ, ಹಾಲಿನ ಜೊತೆ ಮೊಟ್ಟೆ, ಮೀನು, ಮಾಂಸ. ನನ್ನ ಮಗಳು ಅದನ್ನ ಬರೆದು ಮಾರ್ಕ್ಸ್ ತಗೋಬೇಕು, ಆದ್ರೆ ಡಬ್ಬಿಯಲ್ಲಿ ತಂದರೆ ಅಶುದ್ಧ! ಶುದ್ಧ ಅನ್ನೋ ಪದಕ್ಕೆ ಎದುರು ಪದ ಏನು ಅಂತ ನಮ್ಮ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಸರ್ಕಾರಿ ಶಾಲೆ ನೋಡಿ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಲ್ಲಿ ವಾರಕ್ಕೆ 6 ದಿನ ಮೊಟ್ಟೆ ಕೊಡೋ ಏರ್ಪಾಡಾಯ್ತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಯಾರ ತಟ್ಟೆಗೂ ಯಾರೂ ಅಪ್ಪಣೆ ಕೊಡಬೇಕಿಲ್ಲ.

"ಹಾಗಾದ್ರೆ ಸರ್ಕಾರಿ ಶಾಲೆಗೇ ಸೇರಿಸಬೇಕಿತ್ತು" ಅಂತ ನಮ್ಮ ಸಂಗಾತಿಗಳೇ ಅಂತಾರೆ. ಈ ಪ್ರಶ್ನೆ ನನ್ನನ್ನೂ ಚುಚ್ಚುತ್ತೆ. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಇರುತ್ತೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು, ನಮ್ಮಂಥವರಿಗೂ ಪ್ರಾತಿನಿಧ್ಯ. ಖಾಸಗಿ ಅನುದಾನರಹಿತ ಶಾಲೆಗೆ ಅದು ಅನ್ವಯಿಸಲ್ಲ, ಇಲ್ಲಿ ನಾವು ದುಡ್ಡು ಕಟ್ಟಿ ಕೇಳಿಸಿಕೊಳ್ಳೋರು. ಆದರೂ ಯಾಕೆ ಸೇರಿಸಿದೆ? ಇಂಗ್ಲಿಷಿಗೆ. 1973ರ ನವೆಂಬರ್‌ನಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ, ನಮ್ಮ ಮಕ್ಕಳು ಇಂಗ್ಲಿಷ್ ಕಲೀಲಿ ಅಂದಿದ್ದಕ್ಕೆ ಮಂತ್ರಿ ಸ್ಥಾನವನ್ನೇ ಬಿಡಬೇಕಾಯ್ತು. ಅವತ್ತು ಅವರ ಮೇಲೆ ಬಿದ್ದವರ ಮೊಮ್ಮಕ್ಕಳೆಲ್ಲ ಇವತ್ತು ಯಾವ ಮೀಡಿಯಂನಲ್ಲಿ ಓದ್ತಿದ್ದಾರೆ? ನನ್ನ ಮಗಳು ಓದಿದರೆ ಮಾತ್ರ ಸಿದ್ಧಾಂತದ ಪ್ರಶ್ನೆ ಬರುತ್ತಾ?

ಈ ಬಾಗಿಲು ತೆರೆಸಿದ್ದೂ ಕಾನೂನು, ಮುಚ್ಚಿದ್ದೂ ಕಾನೂನು. 2009ರ ಕಾಯ್ದೆಯಲ್ಲಿ ಖಾಸಗಿ ಶಾಲೆಗಳ ಶೇ. 25 ಸೀಟು ನಮ್ಮಂಥ ಮಕ್ಕಳಿಗೆ ಅಂತಿತ್ತು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ನಿಯಮ ತಿದ್ದಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ ಅಂದಿತು. ಹೈಕೋರ್ಟೂ ಅದನ್ನ ಎತ್ತಿಹಿಡಿಯಿತು. ಊರಲ್ಲಿ ಸರ್ಕಾರಿ ಶಾಲೆ ಇಲ್ಲದ ಬಡಾವಣೆ ಎಲ್ಲಿದೆ ಹೇಳಿ? ನಮ್ಮ ಬೀದಿಯ ಒಬ್ಬ ಹುಡುಗ 2018ರಲ್ಲಿ ಆರ್‌ಟಿಇ ಸೀಟಲ್ಲಿ ಒಂದನೇ ಕ್ಲಾಸ್ ಸೇರಿದ, ಈಗ ಎಂಟನೆಯದು. ಕಾಯ್ದೆ ಎಂಟಕ್ಕೇ ಮುಗಿಯುತ್ತೆ. ಒಂಬತ್ತಕ್ಕೆ ಪೂರ್ತಿ ಫೀಸ್ ಎಲ್ಲಿಂದ ತರೋದು ಅಂತ ಅವರಮ್ಮ ಈಗಲೇ ಲೆಕ್ಕ ಹಾಕ್ತಿದ್ದಾರೆ.

ನಮ್ಮವ್ವ ಇದೇ ಗೋಕುಲಂ ಮನೆಗಳಲ್ಲಿ ಪಾತ್ರೆ ತೊಳೆದು ನನ್ನನ್ನ ಬಿಎ ಓದಿಸಿದ್ದು. ಒಂದು ಮನೆಯಲ್ಲಿ ಅವ್ವನ ಕಾಫಿ ಲೋಟ ಹಿತ್ತಲ ಗೋಡೆಯ ಮೇಲೆ ಬೇರೆ ಇರ್ತಿತ್ತು. ಅಲ್ಲಿಗೆ ಹೋದಾಗ ನಾನು ಅದನ್ನೇ ದಿಟ್ಟಿಸಿ ನೋಡ್ತಿದ್ದೆ. ಆಗ ನನಗೂ 11 ವರ್ಷವೇ. ಆ ಮನೆಯ ಅಮ್ಮನೂ ಒಳ್ಳೆಯವರೇ. ಹಬ್ಬಕ್ಕೆ ಸೀರೆ ಕೊಡ್ತಿದ್ದರು.

ಶನಿವಾರ ರಾತ್ರಿ ಮಗಳು ಕೇಳಿದಳು: "ಅಮ್ಮಾ, ನಮಗೆ ಗೌರ್ಮೆಂಟ್ ದುಡ್ಡು ಕೊಡುತ್ತಂತೆ, ಹೌದಾ? ಅವಳು ಕೇಳಿದ್ಲು." ಅವಳ ಜೊತೆ ದಿನಾ ಡಬ್ಬಿ ಹಂಚಿಕೊಳ್ಳೋ ಹುಡುಗಿ ಕೇಳಿದ್ದು. ನಾನು ಕೂರಿಸಿಕೊಂಡು ಎಲ್ಲಾ ಹೇಳಿದೆ, ಸ್ಕಾಲರ್‌ಶಿಪ್ ಯಾಕೆ, ಮೀಸಲಾತಿ ಯಾಕೆ, ಬಾಬಾಸಾಹೇಬರು ಯಾರು. ಇವತ್ತಲ್ಲ ನಾಳೆ ಹೇಳಲೇಬೇಕಿತ್ತು. ಆದರೆ ಅದನ್ನ ಹೇಳೋ ದಿನವನ್ನ ನಾನು ಆರಿಸಿಕೊಳ್ಳಬೇಕಿತ್ತು. ಅದನ್ನ ನನ್ನಿಂದ ಕಿತ್ಕೊಂಡರು.

ಸೋಮವಾರ ಶಾಲೆಗೆ ಪತ್ರ ಕೊಟ್ಟಿದ್ದೀನಿ, ಸ್ವೀಕೃತಿ ಸಹಿ ಹಾಕಿಸಿಕೊಂಡೇ ಬಂದೆ. ಪ್ರತಿ ಬಿಇಒ ಕಚೇರಿಗೆ. ಕೇಳಿರೋದು ಇಷ್ಟೇ:

1. ಸ್ಕಾಲರ್‌ಶಿಪ್ ವಿಷಯ ಆಯಾ ಪೋಷಕರಿಗೆ ಮಾತ್ರ, ಪ್ರತ್ಯೇಕವಾಗಿ ತಿಳಿಸಬೇಕು. ಸಭೆಯಲ್ಲಿ, ಕ್ಲಾಸಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಜಾತಿ ಕರೆಯಬಾರದು.
2. ಡಬ್ಬಿಯಲ್ಲಿ ಏನಿರಬೇಕು ಅನ್ನೋದು ಮನೆಯವರಿಗೆ ಬಿಟ್ಟಿದ್ದು. "ಶುದ್ಧ" ಅನ್ನೋ ಪದ ಆ ಹಾಳೆಯಿಂದ ಹೋಗಬೇಕು.
3. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಮಾನಸಿಕ ಹಿಂಸೆ ಕೊಡಬಾರದು ಅನ್ನುತ್ತೆ. ಅದನ್ನ ಶಿಕ್ಷಕರಿಗೆ ಓದಿ ಹೇಳಬೇಕು. ಟೀಚರ್ ಮೇಲೆ ಕ್ರಮ ಬೇಡ, ಪದ್ಧತಿ ಬದಲಾಗಲಿ.

ಉತ್ತರ ಬಂದ ಮೇಲೆ ಇಲ್ಲೇ ಹಾಕ್ತೀನಿ. ಬರದಿದ್ದರೂ ಹಾಕ್ತೀನಿ.

ನಿಮ್ಮ ಮಕ್ಕಳ ಶಾಲೆಗಳಲ್ಲೂ ಇದು ಸಭೆಗಳ ಕಾಲ. ಹೀಗೆ ಕೈ ಎತ್ತಿಸಿದರೆ, ಎತ್ತಿ, ಆಮೇಲೆ ಅದೇ ಕೈಯಲ್ಲಿ ಒಂದು ಅರ್ಜಿ ಬರೆದು ಕೊಡಿ. ಬರೆಯೋಕೆ ತೊಂದರೆ ಆದರೆ ಇನ್‌ಬಾಕ್ಸ್‌ಗೆ ಬನ್ನಿ, ಕರಡು ನಾನು ಮಾಡಿಕೊಡ್ತೀನಿ. ಅದು ನನ್ನ ದಿನನಿತ್ಯದ ಕೆಲಸವೇ.

ಜೈಭೀಮ್.