ಮುಕ್ಕಾದ ಪೆನ್ನನ್ನು ಬಿಸಾಡಬೇಕೆ?

ನಮ್ಮ ಸಿರುಗುಪ್ಪದಂಥ ಊರಿನಲ್ಲಿ ಇಂದು ಪೆನ್ನು ಕೊಳ್ಳುವುದಕ್ಕೆ ಹತ್ತು ರೂಪಾಯಿ ಸಾಕು. ಪೆನ್ನು ರಿಪೇರಿ ಮಾಡಿಸುವುದಕ್ಕೆ ಮಾತ್ರ ಪೂರ್ವಜನ್ಮದ ಪುಣ್ಯ ಬೇಕು. ಮುಚ್ಚಳದ ಅಂಚು ಒಂದಿಷ್ಟು ಮುಕ್ಕಾದ ಪೆನ್ನನ್ನು ಯಾವುದಾದರೂ ಅಂಗಡಿಯಾತನ ಮುಂದಿಟ್ಟು ನೋಡಿ. ಆತ ಪೆನ್ನನ್ನು ನೋಡುವುದಿಲ್ಲ, ನಿಮ್ಮ ಮುಖವನ್ನು ನೋಡುತ್ತಾನೆ. "ಇದನ್ನೇನ್ ಮಾಡಸ್ತೀರಿ ಬಿಡ್ರಿ ಸರ್, ಹೊಸಾದು ಒಯ್ರಿ" ಎನ್ನುತ್ತಾನೆ. ಆತನ ಮೇಲೆ ನನಗೆ ಸಿಟ್ಟಿಲ್ಲ; ಮಾರುವುದು ಅವನ ವೃತ್ತಿ. ಆದರೆ ಇದೇ ಮಾತನ್ನು ಓದುಬರಹ ಬಲ್ಲ ಗೃಹಸ್ಥರೂ, ಮಕ್ಕಳಿಗೆ ಮಿತವ್ಯಯದ ಪಾಠ ಹೇಳುವ ಉಪಾಧ್ಯಾಯರೂ ವೇದವಾಕ್ಯದಂತೆ ಒಪ್ಪಿಕೊಂಡು ತಲೆಯಾಡಿಸುತ್ತಾರಲ್ಲ, ನನ್ನ ಜಗಳ ಅವರ ಜೊತೆಗೆ.

ಯಾವ ಪೆನ್ನಿನ ಮಾತು ಎಂಬುದನ್ನು ಮೊದಲು ಹೇಳಿಬಿಡಬೇಕು. ಕಾರ್ಖಾನೆಯ ಅಚ್ಚಿನಿಂದ ಲಕ್ಷಗಟ್ಟಲೆ ಉದುರುವ ಪೆನ್ನಿನ ವಿಷಯವಲ್ಲ. ಅದರ ಮುಚ್ಚಳ ಒಡೆದರೆ ಅದರ ಅಣ್ಣನದೋ ತಮ್ಮನದೋ ಮುಚ್ಚಳ ತಂದು ಹಾಕಿದರಾಯಿತು. ಕೈಯಿಂದ ಮಾಡಿದ ರೆಸಿನ್ ಪೆನ್ನಿನ ಜಾತಕವೇ ಬೇರೆ. ದ್ರವರೂಪದ ರಾಳಕ್ಕೆ ಬಣ್ಣ ಬೆರೆಸಿ ಅಚ್ಚಿನಲ್ಲಿ ಹೊಯ್ಯುತ್ತಾರೆ. ಅದು ಗಟ್ಟಿಯಾಗಿ ಸಲಾಕೆಯಾದ ಮೇಲೆ ಲೇತಿಗೆ ಕೊಟ್ಟು ಕಡೆಯುತ್ತಾರೆ. ಹೊಯ್ಯುವಾಗ ಬಣ್ಣಗಳು ಹೇಗೆ ಸುತ್ತಿಕೊಂಡವೋ ಹಾಗೆ. ಮಾಡಿದವನೇ ಬಯಸಿದರೂ ಅಂಥದೇ ಇನ್ನೊಂದು ಹುಟ್ಟುವುದಿಲ್ಲ. ಆದ್ದರಿಂದ ಅದಕ್ಕೆ ಬದಲಿ ಭಾಗವೆಂಬುದು ಇಲ್ಲ. ಅಂಗೈಯಿಂದ ಜಾರಿ ಸಿಮೆಂಟಿನ ನೆಲದ ಮೇಲೆ ಬಿದ್ದು, ಜೋಳದ ಕಾಳಿನ ಅರ್ಧದಷ್ಟು ಚೂರು ಹಾರಿತೆಂದರೆ ಎರಡೇ ದಾರಿ: ಸರಿಮಾಡಬೇಕು, ಇಲ್ಲವೆ ಕಳೆದುಕೊಳ್ಳಬೇಕು.

"ರಿಪೇರಿಯ ಖರ್ಚಿನಲ್ಲಿ ಹೊಸ ಪೆನ್ನೇ ಬರುತ್ತದಲ್ಲ?" ಎಂದು ಲೆಕ್ಕ ಹಾಕುವ ಜಾಣರುಂಟು. ಲೆಕ್ಕವೇನೋ ಸರಿ. ಆದರೆ ಹೊಸ ಪೆನ್ನಿಗೆ ಕೊಟ್ಟ ದುಡ್ಡು ಯಂತ್ರಕ್ಕೆ, ಲಾರಿಗೆ, ಜಾಹೀರಾತಿಗೆ ಹಂಚಿಹೋಗುತ್ತದೆ. ರಿಪೇರಿಗೆ ಕೊಟ್ಟದ್ದು ಒಬ್ಬ ಮನುಷ್ಯನ ಎರಡು ತಾಸಿನ ಕೂಲಿ. ಅದು ದುಬಾರಿಯೆಂದು ಕಾಣುವುದಾದರೆ ದುಬಾರಿಯೆನಿಸಿದ್ದು ಆ ಮನುಷ್ಯನೇ ಹೊರತು ಪೆನ್ನಲ್ಲ. ಪಾತ್ರೆಗೆ ಕಲಾಯಿ ಹಾಕುವವರು, ಸವೆದ ಬೀಸುವ ಕಲ್ಲಿಗೆ ಮತ್ತೆ ಉಳಿಪೆಟ್ಟು ಕೊಡುವವರು, ಕೊಡೆಯ ಕಡ್ಡಿ ಕಟ್ಟುವವರು ನಮ್ಮ ಬೀದಿಗಳಿಂದ ಮರೆಯಾದದ್ದು ಹೀಗೆಯೇ. ಅವರನ್ನು ಯಾರೂ ಓಡಿಸಲಿಲ್ಲ. "ಅಷ್ಟಕ್ಕೆ ಹೊಸದೇ ಬರುತ್ತದೆ" ಎಂದೆವು, ಅಷ್ಟೆ.

ಇನ್ನು ಕೆಲವರಿಗೆ ರಿಪೇರಿಯೆಂದರೆ ಅಂಟು ಮೆತ್ತುವುದು. ಪುಡಿಕೆಯ ಬಾಯಿ ಕಚ್ಚಿ ಹರಿದು ದೊಡ್ಡ ತೊಟ್ಟೊಂದನ್ನು ಸುರಿದು, ಅದು ಗುಳ್ಳೆಯೆದ್ದು ಬೆಳ್ಳಗಾದ ಮೇಲೆ, "ನಾನು ಹೇಳಲಿಲ್ಲವೆ, ಇದು ಸರಿಹೋಗುವುದಿಲ್ಲ" ಎನ್ನುವವರು ಇವರೇ. ಕೆಲಸ ಕಷ್ಟದ್ದಲ್ಲ, ಅವಸರ ಸಹಿಸುವುದಿಲ್ಲ. ಮೊದಲು ಮುಕ್ಕಿನಿಂದ ಬಿರುಕು ಹೊರಟಿದೆಯೇ ಎಂದು ದೀಪದ ಎದುರು ಹಿಡಿದು ನೋಡಬೇಕು. ಮುಚ್ಚಳದ ಅಂಚು ಒಳಗಡೆ ತಿರುಪು ಕೊರೆದು ತೆಳುವಾಗಿರುವ ಜಾಗವಾದ್ದರಿಂದ ಬಿರುಕು ಹೊರಡುವುದು ಅಲ್ಲಿಯೇ. ಬಿರುಕಿದ್ದರೆ ತುಂಬಿ ಪ್ರಯೋಜನವಿಲ್ಲ, ತಿಳಿದವರ ಕೈಗೆ ಕೊಡಬೇಕು. ಬರೀ ಮುಕ್ಕಾದರೆ ಸೋಪಿನ ನೀರಿನಲ್ಲಿ ಜಿಡ್ಡು ತೆಗೆದು ಒಣಗಿಸಬೇಕು. ಉಗುರಿನ ಬಣ್ಣ ಕಳೆಯುವ ಅಸಿಟೋನನ್ನು ಹತ್ತಿರವೂ ತರಬಾರದು. ಅಕ್ರಿಲಿಕ್ಕು ಅದಕ್ಕೆ ಕರಗುತ್ತದೆ. ಆಮೇಲೆ ತೆಳುವಾದ ಸೂಪರ್ ಗ್ಲೂವನ್ನು ಗುಂಡುಸೂಜಿಯ ಮೊನೆಯಲ್ಲಿ ಎತ್ತಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ, ಹೀಗೆ ಮುಕ್ಕು ತುಂಬಿ ಕೂದಲೆಳೆಯಷ್ಟು ಉಬ್ಬುವವರೆಗೆ ಇಡಬೇಕು. ಆಗ ಪೆನ್ನನ್ನು ಮುಚ್ಚಿಡಬಾರದು; ಅಂಟಿನ ಆವಿ ಒಳಗೇ ಕೂತು ಬಿಳಿ ಮಂಜು ಕಟ್ಟುತ್ತದೆ. ಅಡಿಗೆಸೋಡ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ ಎಂಬ ಉಪಾಯವೂ ಚಾಲ್ತಿಯಲ್ಲಿದೆ. ಕಲ್ಲಾಗುವುದು ನಿಜ, ತೊನ್ನಿನಂಥ ಬಿಳಿ ಮಚ್ಚೆಯಾಗುವುದೂ ನಿಜ. ಒಂದು ದಿನ ಬಿಟ್ಟು, ಸುತ್ತಲಿನ ಚೆನ್ನಾಗಿರುವ ಭಾಗಕ್ಕೆ ಟೇಪು ಸುತ್ತಿ, ನೀರು ಹಚ್ಚಿದ ಉಜ್ಜುಕಾಗದದಿಂದ ತಿಕ್ಕಬೇಕು: 400ರಿಂದ ಹಿಡಿದು 2000ದವರೆಗೆ. ಕಡೆಗೆ ಹಿತ್ತಾಳೆ ಬೆಳಗುವ ಬ್ರಾಸೊ ಒಂದು ತೊಟ್ಟು, ಹತ್ತಿಬಟ್ಟೆ ಒಂದು ತುಂಡು. ಹಳೆಯ ಎಬೊನೈಟ್ ಪೆನ್ನಾದರೆ ಅದೇ ಎಬೊನೈಟಿನ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುವುದು ವಾಡಿಕೆ. ಅದು ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿದ ವಸ್ತು, ಬಿಸಿನೀರು ತಗಲಿದರೆ ಬಣ್ಣಗೆಡುತ್ತದೆ.

ಇಷ್ಟು ಮಾಡಿದವರ ಮೇಲೆ ಬೀಳಲು ರಸಿಕರ ಪಂಗಡವೊಂದು ಕಾದಿರುತ್ತದೆ. ಮುಕ್ಕು ಪೆನ್ನಿನ ಚರಿತ್ರೆಯಂತೆ, ಅದನ್ನು ಮುಚ್ಚುವುದು ಮೋಸವಂತೆ! ಮಾರುವಾಗ ಮುಚ್ಚಿಟ್ಟರೆ ಮೋಸ ಸರಿ. ಬರೆಯುವವನ ಬೆರಳಿಗೆ ಚುಚ್ಚುವ ಚರಿತ್ರೆಯನ್ನು ನಯಮಾಡುವುದು ಮೋಸ ಹೇಗಾದೀತು? ಇವರೇ ಇನ್ನೊಂದು ಉಸಿರಿನಲ್ಲಿ, ಜಪಾನಿನವರು ಒಡೆದ ಬಟ್ಟಲನ್ನು ಅರಗಿನಂಥ ಮರದ ಹಾಲಿನಿಂದ ಕೂಡಿಸಿ ಬಿರುಕಿಗೆ ಚಿನ್ನದ ಪುಡಿ ಹಚ್ಚುವುದನ್ನು ಕೊಂಡಾಡುತ್ತಾರೆ. ಕೊಂಡಾಡಲಿ, ಅದು ಕೊಂಡಾಡತಕ್ಕದ್ದೇ. ಆದರೆ ಹಳೆಯ ಸೀರೆಯ ಚೂರುಗಳನ್ನು ಕೂಡಿಸಿ ಅಜ್ಜಿ ಹೊಲಿದ ಕೌದಿಯನ್ನು ಅಟ್ಟಕ್ಕೆ ಎಸೆದವರ ಬಾಯಲ್ಲಿ ಆ ಮಾತು ಕೇಳಿದಾಗ ನಗು ತಡೆಯುವುದು ಕಷ್ಟ.

ಮುಕ್ಕಾದ ವಸ್ತು ಮನೆಗೆ ಆಗಿಬರುವುದಿಲ್ಲ, ಆಯುಧಪೂಜೆಗೆ ಇಡಬಾರದು ಎನ್ನುವ ಹಿರಿಯರೂ ಇದ್ದಾರೆ. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದೆಂಬ ಮಾತನ್ನು ಅವರು ಪೆನ್ನಿಗೂ ಅನ್ವಯಿಸುತ್ತಾರೆ. ಅದೇ ಶಾಸ್ತ್ರಗಳಲ್ಲಿ ಜೀರ್ಣೋದ್ಧಾರವೆಂಬ ಅಧ್ಯಾಯವೂ ಉಂಟೆಂಬುದನ್ನು ಏಕೆ ಮರೆಯಬೇಕು? ಶಾಸ್ತ್ರ ಬೇಡವೆಂದರೆ ಊರ ಹೊರಗಿನ ಗದ್ದೆಗೆ ಬನ್ನಿ. ವಿಜಯನಗರದ ಅರಸರ ಕಾಲದ ಕಾಲುವೆಗಳ ಸಾಲಿನಲ್ಲಿ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಎಂಬ ಹೆಸರುಗಳಿವೆ. ನೂರಾರು ವರ್ಷ ಅವು ನೀರು ಹರಿಸಿದ್ದು ಒಡೆಯಲಿಲ್ಲವೆಂದಲ್ಲ. ಒಡೆದಾಗಲೆಲ್ಲ ಹೂಳೆತ್ತಿ, ಕಲ್ಲು ಕೂಡಿಸಿ, ಒಡ್ಡು ಕಟ್ಟಿದರೆಂದು. ಹೀಗೆ ರಿಪೇರಿಯಾದ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ತಿಂದವರು ಮುಕ್ಕಾದ ಪೆನ್ನು ಅಪಶಕುನವೆಂದರೆ ತುಂಗಭದ್ರೆ ಏನೆಂದಾಳು?

ಕೊನೆಗೆ ಮಾಡುವವರ ಮಾತು. ರಾಜಮಹೇಂದ್ರಿಯ ಕೆ. ವಿ. ರತ್ನಂ ಅವರು ಗಾಂಧೀಜಿಯವರ ಮಾತಿನಿಂದ ಸ್ವದೇಶಿ ಪೆನ್ನು ಮಾಡಲು ಹೊರಟವರು. ಅವರ ಪೆನ್ನು ವಿದೇಶಿ ಪೆನ್ನಿಗೆ ಬದಲಾಗಿ ಸಲ್ಲುವಂಥದೆಂದು ಗಾಂಧೀಜಿ 1935ರಲ್ಲಿ ಕಾಗದ ಬರೆದರು. ಹೈದರಾಬಾದು, ಚೆನ್ನೈ, ತಿರುವಳ್ಳೂರುಗಳಲ್ಲೂ ಕೈಪೆನ್ನಿನ ಕಸುಬು ಇನ್ನೂ ಜೀವಂತವಾಗಿದೆ. ನಮ್ಮ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಮೆರುಗು ಕೊಡುವವರಿಗೆ ಲೇತಿನ ಗುಟ್ಟು ಹೊಸದಲ್ಲ. ಇವರೆಲ್ಲರ ಕಸುಬಿಗೆ ಕೈಮುಗಿದೇ ಕೇಳುತ್ತೇನೆ: ಪೆನ್ನನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಡುವವರು ಮುಕ್ಕು ತುಂಬುವ ಸಾಮಗ್ರಿಯನ್ನೇಕೆ ಕೊಡುವುದಿಲ್ಲ? ದುರಸ್ತಿಯ ಹಕ್ಕಿನ ವಿಚಾರಕ್ಕೆಂದು ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿತು. ಕೃಷಿಯಂತ್ರ, ಮೊಬೈಲು, ಗೃಹೋಪಕರಣ, ವಾಹನ, ಈ ನಾಲ್ಕರ ಮೇಲೆ ಅದರ ಕಣ್ಣು. ಪೆನ್ನು ಆ ಪಟ್ಟಿಯಲ್ಲಿಲ್ಲ. ಇರಬೇಕೆಂದು ನಾನೂ ಹಟ ಮಾಡುವುದಿಲ್ಲ. ಇದಕ್ಕೆ ಕಾಯಿದೆ ಬೇಡ, ದರ್ಜಿಯ ದೊಡ್ಡ ಮನಸ್ಸು ಸಾಕು. ರವಿಕೆ ಹೊಲಿದ ದರ್ಜಿ ಉಳಿದ ಬಟ್ಟೆಯ ತುಂಡನ್ನು ಮಡಿಸಿ ಜೊತೆಗೇ ಕೊಡುತ್ತಾನೆ, ನಾಳೆ ಹರಿದರೆ ತೇಪೆಗೆ ಬೇಕಾದೀತೆಂದು. ಹಾಗೆಯೇ ಯಾವ ಸಲಾಕೆಯಿಂದ ಪೆನ್ನು ಕಡೆದರೋ ಅದೇ ಸಲಾಕೆಯ ಹೊಟ್ಟನ್ನು ಒಂದು ಚಿಟಿಕೆ ಪೊಟ್ಟಣ ಕಟ್ಟಿ ಪೆನ್ನಿನ ಜೊತೆ ಕೊಡಲಿ. ಅದನ್ನು ನುಣ್ಣಗೆ ಅರೆದು ಅಂಟಿನಲ್ಲಿ ಕಲಸಿದರೆ ಮುಕ್ಕಿಗೆ ಅದರದೇ ಬಣ್ಣ ಬರುತ್ತದೆ. ಬೇರೆಲ್ಲಿ ಹುಡುಕಿದರೂ ಆ ಬಣ್ಣ ಸಿಕ್ಕದು. ಬೆಲೆ ಒಂದು ಕಾಸೂ ಇಲ್ಲ. ಈಗ ಅದು ಸಂಜೆಯಾದೊಡನೆ ಲೇತಿನ ಕೆಳಗಿಂದ ಕಸಬರಿಗೆಗೆ ಹೋಗುತ್ತಿದೆ.